ಟೀ ಶರ್ಟ್ ಜೊತೆ ಆಲ್ಬಮ್ ಮಾರಿದರೆ ಚಾರ್ಟ್‌ನಲ್ಲಿ ಮೇಲೇರಬಹುದಾ?

ಪ್ರಶ್ನೆ: ನಾವು ಚಿಕ್ಕಮಗಳೂರಿನ ನಾಲ್ಕು ಜನ ಗೆಳೆಯರು. ಬ್ಯಾಂಡ್ ಕಟ್ಟಿಕೊಂಡು ಎಂಟು ಹಾಡುಗಳ ಕನ್ನಡ ಆಲ್ಬಮ್ ಮಾಡಿದ್ದೇವೆ. ಅದರ ಜೊತೆಗೆ ಒಂದು ಟೀ ಶರ್ಟ್, ನಮ್ಮ ಮನೆ ತೋಟದ ಕಾಲು ಕೆ.ಜಿ. ಕಾಫಿ ಪುಡಿ ಸೇರಿಸಿ, ಎಲ್ಲಕ್ಕೂ ಒಂದೇ ಬೆಲೆ ಇಟ್ಟು ಆನ್‌ಲೈನ್‌ನಲ್ಲಿ ಮಾರುವ ಯೋಚನೆ ಇದೆ. ಟೀ ಶರ್ಟ್ ಮೇಲೆ ಕುವೆಂಪು ಅವರ ಎರಡು ಸಾಲು ಹಾಕಿಸುತ್ತೇವೆ. ಅಮೆರಿಕದಲ್ಲಿ ದೊಡ್ಡ ದೊಡ್ಡವರು ಹೀಗೆ ಮಾರಿಯೇ ನಂಬರ್ ಒನ್ ಆಗುತ್ತಾರೆ ಅಂತ ಕೇಳಿದ್ದೇವೆ. ನಮಗೂ ಚಾರ್ಟ್‌ನಲ್ಲಿ ಅನುಕೂಲ ಆಗುತ್ತಾ? "ಇದು ಮೋಸ ಕಣ್ರೋ" ಅಂತ ನಮ್ಮಲ್ಲೇ ಒಬ್ಬ ತಕರಾರು ಮಾಡುತ್ತಿದ್ದಾನೆ. ನೀವೇನು ಹೇಳುತ್ತೀರಿ?

ಉತ್ತರ: ಚಾರ್ಟ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಏನೂ ಅನುಕೂಲ ಆಗುವುದಿಲ್ಲ. 300 ಸೆಟ್ ಮಾರಿದರೂ ಅಷ್ಟೇ, 3000 ಮಾರಿದರೂ ಅಷ್ಟೇ. ನಮ್ಮಲ್ಲಿ ಜನ ನೋಡುವ ಹಾಡಿನ ಪಟ್ಟಿಗಳಿಗೆ ನಿಮ್ಮ ಟೀ ಶರ್ಟ್ ಕಣ್ಣಿಗೇ ಬೀಳುವುದಿಲ್ಲ. ದುಡ್ಡಿನ ಲೆಕ್ಕ ಬೇರೆ. ಅದರಲ್ಲಿ ನಿಮ್ಮ ಯೋಚನೆ ಚೆನ್ನಾಗಿಯೇ ಇದೆ. ಆದರೆ 'ಒಂದೇ ಬೆಲೆ' ಅಂದಿರಲ್ಲ, ಅದನ್ನು ಮಾತ್ರ ಬಿಡಿ. ಯಾಕೆ ಅನ್ನುವುದಕ್ಕೆ ಮುಂಚೆ ಅಮೆರಿಕದ ಕಥೆ ನೋಡೋಣ. ನೀವು ಕೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಹಳೇ ಸುದ್ದಿ.

ಅಲ್ಲಿ ಆಲ್ಬಮ್‌ಗಳ ದೊಡ್ಡ ಪಟ್ಟಿ ಅಂದರೆ ಬಿಲ್‌ಬೋರ್ಡ್ ಪತ್ರಿಕೆ ಪ್ರತಿ ವಾರ ಕೊಡುವ 'ಬಿಲ್‌ಬೋರ್ಡ್ 200'. 1991ರ ಮೇವರೆಗೆ ಪತ್ರಿಕೆಯವರು ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಜಾಸ್ತಿ ಹೋಯಿತು ಅಂತ ಕೇಳಿ ಪಟ್ಟಿ ಬರೆಯುತ್ತಿದ್ದರು. ಆಮೇಲೆ ಕೌಂಟರ್‌ನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಆದದ್ದನ್ನೇ ಎಣಿಸಲು ಶುರು ಮಾಡಿದರು. 2014ರ ಡಿಸೆಂಬರ್‌ನಿಂದ ಸ್ಟ್ರೀಮಿಂಗ್ ಕೂಡ ಸೇರಿತು. ತೊಡಕು ಶುರುವಾಗಿದ್ದು ಇಲ್ಲೇ. ಒಬ್ಬ ಕಾಸು ಕೊಟ್ಟು ಆಲ್ಬಮ್ ಕೊಂಡ. ಇನ್ನೊಬ್ಬ ಫೋನಿನಲ್ಲಿ ಹಾಡು ಕೇಳಿದ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುವುದು ಹೇಗೆ? ಅದಕ್ಕೊಂದು ವಿನಿಮಯ ದರ ಮಾಡಿದರು. 2018ರ ಜುಲೈನಲ್ಲಿ ನಿಗದಿಯಾದ ದರ ಹೀಗಿತ್ತು: ಚಂದಾ ಕಟ್ಟಿದವರ 1250 ಸ್ಟ್ರೀಮ್ ಸೇರಿದರೆ ಒಂದು ಆಲ್ಬಮ್. ಜಾಹೀರಾತಿನ ಜೊತೆ ಪುಕ್ಕಟೆ ಕೇಳುವವರದ್ದಾದರೆ 3750. ಇತ್ತೀಚೆಗೆ ಸ್ಟ್ರೀಮ್‌ಗಳ ತೂಕ ಇನ್ನೂ ಸ್ವಲ್ಪ ಜಾಸ್ತಿ ಮಾಡಿದ್ದಾರೆ. ಆದರೆ ಸೆಟ್ ಮಾರಾಟದ ಗಲಾಟೆ ಜೋರಾಗಿದ್ದ ಕಾಲದಲ್ಲಿ ಇದ್ದದ್ದು ಈ ದರ.

ಇದನ್ನು ನಿಮ್ಮ ಎಂಟು ಹಾಡಿಗೇ ಹಾಕಿ ನೋಡಿ. ಹಾಡಿಗೆ ನಾಲ್ಕು ನಿಮಿಷ ಅಂತಿಟ್ಟುಕೊಳ್ಳಿ, ಒಟ್ಟು 32 ನಿಮಿಷ. ಚಂದಾ ಕಟ್ಟಿದ ಒಬ್ಬ ಅಭಿಮಾನಿ ಸ್ಟ್ರೀಮ್ ಮಾಡಿ ಮಾಡಿ ನಿಮಗೆ ಒಂದು ಆಲ್ಬಮ್‌ನ ಲೆಕ್ಕ ತುಂಬಿಸಬೇಕಾದರೆ ಎಂಟೂ ಹಾಡನ್ನು 156ಕ್ಕೂ ಹೆಚ್ಚು ಸಲ ಪೂರ್ತಿ ಕೇಳಬೇಕು. ಅಂದರೆ ಹತ್ತಿರ ಹತ್ತಿರ 83 ಗಂಟೆ. ಇನ್ನೊಬ್ಬನಿಗೆ ಟೀ ಶರ್ಟ್ ಚೆಂದ ಕಂಡಿತು. ಒಂದು ಗುಂಡಿ ಒತ್ತಿ ಕೊಂಡ. ಜೊತೆಗೆ ಆಲ್ಬಮ್ ಡೌನ್‌ಲೋಡ್ ಕೊಂಡಿ ಇಮೇಲ್‌ಗೆ ಬಂತು. ಅವನು ಅದನ್ನು ತೆರೆದು ನೋಡದೆ ಇದ್ದರೂ ಲೆಕ್ಕ ಒಂದೇ: ಒಂದು ಆಲ್ಬಮ್. 300 ಟೀ ಶರ್ಟ್ ಹೋದರೆ 3 ಲಕ್ಷ 75 ಸಾವಿರ ಸ್ಟ್ರೀಮ್‌ಗೆ ಸಮ. ಇಷ್ಟು ಸಲೀಸಾದ ದಾರಿ ಕಣ್ಣೆದುರು ಇದ್ದಾಗ ಯಾವ ಮ್ಯಾನೇಜರ್ ಸುಮ್ನೆ ಕೂರುತ್ತಾನೆ?

ಇದರ ಜೊತೆಗೆ ಸಮಯದ ಆಟವೂ ಇತ್ತು. ಚಾರ್ಟ್ ವಾರದ ಲೆಕ್ಕ ಅಲ್ವಾ? ತಿಂಗಳುಗಟ್ಟಲೆ ಮುಂಗಡ ಆರ್ಡರ್ ತೆಗೆದುಕೊಂಡು, ಆಲ್ಬಮ್ ಬಿಡುಗಡೆಯಾದ ದಿನ ಎಲ್ಲರಿಗೂ ಡೌನ್‌ಲೋಡ್ ಕೊಂಡಿ ಕಳಿಸಿದರೆ ಅಷ್ಟೂ ಮಾರಾಟ ಮೊದಲ ವಾರಕ್ಕೇ ಬೀಳುತ್ತದೆ. ಟೀ ಶರ್ಟ್ ಹೊಲಿದು, ಪ್ರಿಂಟ್ ಮಾಡಿ, ಕೊರಿಯರ್ ಆಗುವುದು ಆಮೇಲೆ ಯಾವಾಗಲೋ.

ಈ ಊತ ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ ಬಾನ್ ಜೋವಿ ಅನ್ನುವ ರಾಕ್ ತಂಡದ ಕಥೆ ನೋಡಿ. 2016ರಲ್ಲಿ ಬಂದ ಅವರ ಆಲ್ಬಮ್ 2018ರ ಮಾರ್ಚ್‌ನಲ್ಲಿ ದಿಢೀರ್ ಅಂತ ಮತ್ತೆ ನಂಬರ್ ಒನ್ ಆಯಿತು. ಜನ ವರ್ಷ ಕಳೆದ ಮೇಲೆ ಆ ಹಾಡುಗಳಿಗೆ ಮನಸೋತದ್ದಲ್ಲ. ಕಾನ್ಸರ್ಟ್ ಟಿಕೆಟ್ ಜೊತೆಗೆ ಆಲ್ಬಮ್ ಕೊಟ್ಟಿದ್ದರು. ಮರುವಾರ ಅದೇ ಆಲ್ಬಮ್ 150ನೇ ಸ್ಥಾನಕ್ಕಿಂತಲೂ ಕೆಳಗೆ ಹೋಗಿ ಬಿತ್ತು.

ಟಿಕೆಟ್ ದಾರಿಯನ್ನು ಮೊದಲು ದೊಡ್ಡದಾಗಿ ಬಳಸಿದವನು ಗಾಯಕ ಪ್ರಿನ್ಸ್. 2004ರ ಪ್ರವಾಸದಲ್ಲಿ ಟಿಕೆಟ್ ಬೆಲೆಯೊಳಗೇ ಸಿ.ಡಿ. ದುಡ್ಡು ಸೇರಿಸಿ, ಬಂದವರಿಗೆಲ್ಲ ಬಾಗಿಲಲ್ಲೇ ಒಂದೊಂದು ಕೊಟ್ಟ. ಬಿಲ್‌ಬೋರ್ಡ್ ಅದನ್ನು ಎಣಿಸಿತು. ಎಣಿಸಿದ ಮೇಲೆ, ಇನ್ನು ಮುಂದೆ ಆಲ್ಬಮ್ ಬೇಕೋ ಬೇಡವೋ ಅಂತ ಗಿರಾಕಿಯೇ ಹೇಳುವಂತಿರಬೇಕು ಅಂತ ನಿಯಮ ತಂದಿತು. 2011ರಲ್ಲಿ ಗಾಯಕಿ ಲೇಡಿ ಗಾಗಾ ಆಲ್ಬಮ್ ಅನ್ನು ಅಮೆಜಾನ್ 99 ಸೆಂಟ್‌ಗೆ ಕೊಟ್ಟಾಗ 4 ಲಕ್ಷಕ್ಕೂ ಹೆಚ್ಚು ಹೋಯಿತು. ಆಮೇಲೆ ಮೊದಲ ವಾರಗಳಲ್ಲಿ ಕನಿಷ್ಠ 3.49 ಡಾಲರ್ ಬೆಲೆ ಇದ್ದರೆ ಮಾತ್ರ ಎಣಿಕೆ ಅಂದರು. 2013ರಲ್ಲಿ ಸ್ಯಾಮ್‌ಸಂಗ್ ಕಂಪನಿ ರ್ಯಾಪ್ ಗಾಯಕ ಜೇ-ಜೀ ಆಲ್ಬಮ್‌ನ 10 ಲಕ್ಷ ಪ್ರತಿ ಕೊಂಡು ಗ್ಯಾಲಕ್ಸಿ ಫೋನಿನವರಿಗೆ ಪುಕ್ಕಟೆ ಹಂಚಿತು. ಬಿಲ್‌ಬೋರ್ಡ್ ಅದರಲ್ಲಿ ಒಂದನ್ನೂ ಎಣಿಸಲಿಲ್ಲ. ಒಟ್ಟಿನಲ್ಲಿ ಬಿಲ್‌ಬೋರ್ಡ್‌ನವರು ಚಾಪೆ ಕೆಳಗೆ ತೂರಿದರೆ ಕಲಾವಿದರು ರಂಗೋಲಿ ಕೆಳಗೆ ತೂರುವುದು ಹಳೇ ಪದ್ಧತಿ.

ಜಗಳ ಬೀದಿಗೆ ಬಂದದ್ದು 2018ರ ಆಗಸ್ಟ್‌ನಲ್ಲಿ. ರ್ಯಾಪ್ ಗಾಯಕಿ ನಿಕಿ ಮಿನಾಜ್ ಹೊಸ ಆಲ್ಬಮ್ 1.85 ಲಕ್ಷ ಯೂನಿಟ್‌ನೊಂದಿಗೆ (ಮಾರಾಟ, ಸ್ಟ್ರೀಮ್ ಎರಡೂ ಕೂಡಿಸಿದ ಆಲ್ಬಮ್ ಲೆಕ್ಕ) ಎರಡನೇ ಸ್ಥಾನಕ್ಕೆ ಬಂತು. ಮೊದಲ ಸ್ಥಾನದಲ್ಲಿ ಎರಡನೇ ವಾರವೂ ಕೂತಿದ್ದವನು ಇನ್ನೊಬ್ಬ ರ್ಯಾಪ್ ಗಾಯಕ ಟ್ರ್ಯಾವಿಸ್ ಸ್ಕಾಟ್, 2.05 ಲಕ್ಷ. ಅವನು ಬಟ್ಟೆ, ಟೋಪಿಗಳ ಜೊತೆಗೆ, ಮುಂದಿನ ಪ್ರವಾಸದ ಟಿಕೆಟ್ ಮೊದಲು ಕೊಳ್ಳುವ ಪಾಸ್ ಕೂಡ ಆಲ್ಬಮ್‌ಗೆ ಕಟ್ಟಿ ಮಾರಿದ್ದ. ನಿಕಿ ಟ್ವಿಟರ್‌ನಲ್ಲಿ ಕೆಂಡಾಮಂಡಲವಾದಳು. ಮರುವರ್ಷ ಇನ್ನೂ ತಮಾಷೆ. ಟೈಲರ್ ದ ಕ್ರಿಯೇಟರ್ ಅನ್ನುವ ಗಾಯಕ ಸುಮಾರು 1.65 ಲಕ್ಷದಲ್ಲಿ ಮೊದಲು ಬಂದ, ಡಿಜೆ ಖಾಲಿದ್ ಸುಮಾರು 1.37 ಲಕ್ಷದಲ್ಲಿ ಎರಡನೆಯವನಾದ. ಖಾಲಿದ್ ಕಡೆಯವರು ಆಲ್ಬಮ್ ಕಟ್ಟಿದ್ದು ಎನರ್ಜಿ ಡ್ರಿಂಕ್‌ಗೆ. ಅದರಲ್ಲಿ ಬಹುಪಾಲನ್ನು ಬಿಲ್‌ಬೋರ್ಡ್ ತಳ್ಳಿಹಾಕಿತು. ಹಾಗಂತ ಗೆದ್ದವನು ಸಂನ್ಯಾಸಿ ಅಂದುಕೊಳ್ಳಬೇಡಿ. ಟೈಲರ್ ಕೂಡ ಟೀ ಶರ್ಟ್ ಜೊತೆಗೆ, ಮನೆ ಮುಂದೆ ನೆಡುವ ಚುನಾವಣಾ ಫಲಕದಂಥ ಬೋರ್ಡ್ ಜೊತೆಗೆಲ್ಲ ಮಾರಿದ್ದ. ಟೈಲರ್ ಸೆಟ್ ನಿಯಮದೊಳಗಿತ್ತು, ಖಾಲಿದ್ ಸೆಟ್ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಇಷ್ಟಾದ ಮೇಲೆ 2020ರ ಜನವರಿಯಲ್ಲಿ ನಿಯಮ ಬಿಗಿಯಾಯಿತು. ಟೀ ಶರ್ಟ್ ಬಿಡಿಯಾಗಿಯೂ ಸಿಗಬೇಕು, ಕಲಾವಿದರ ಸ್ವಂತ ಅಂಗಡಿ ತಾಣದಲ್ಲೇ ಮಾರಬೇಕು, ಆಲ್ಬಮ್ ಸೇರಿದ ಸೆಟ್ ಬೆಲೆ ಬರೀ ಟೀ ಶರ್ಟ್ ಬೆಲೆಗಿಂತ ಕನಿಷ್ಠ 3.49 ಡಾಲರ್ ಜಾಸ್ತಿ ಇರಬೇಕು ಅಂದರು. ಅದೂ ಸಾಲಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಿಂದ, ಬಟ್ಟೆಗೋ ಟಿಕೆಟ್‌ಗೋ ಅಂಟಿಕೊಂಡು ಬರುವ ಆಲ್ಬಮ್ ಎಣಿಕೆಗೇ ಇಲ್ಲ ಅಂತಾಯಿತು. "ಇದರ ಜೊತೆಗೆ ಆಲ್ಬಮ್ ಕೂಡ ಬೇಕಾ? ಅದಕ್ಕೆ ಇಷ್ಟು ಬೆಲೆ" ಅಂತ ಬೇರೆಯಾಗಿ ಕೇಳಿ, ಗಿರಾಕಿ ಹೂಂ ಅಂದರೆ ಮಾತ್ರ ಲೆಕ್ಕ. ಸಿ.ಡಿ. ಕೊಂಡವನಿಗೆ ಈಗಲೇ ಡೌನ್‌ಲೋಡ್ ಕೊಟ್ಟು ಎಣಿಸಿಕೊಂಡು, ಸಿ.ಡಿ.ಯನ್ನು ನಿಧಾನಕ್ಕೆ ಕಳಿಸುವ ಉಪಾಯಕ್ಕೂ ಬಾಗಿಲು ಹಾಕಿದರು. 2023ರಲ್ಲಿ ಕೈ ಸ್ವಲ್ಪ ಸಡಿಲ ಮಾಡಿ 'ಫ್ಯಾನ್ ಪ್ಯಾಕ್' ಅನ್ನುವ ಹೊಸ ಬಗೆಯ ಸೆಟ್‌ಗೆ ಒಪ್ಪಿದರು. ಆದರೆ ಅದರಲ್ಲಿ ಇರಬೇಕಾದದ್ದು ಸಿ.ಡಿ., ವಿನೈಲ್ (ಗ್ರಾಮಫೋನ್ ತಟ್ಟೆ) ಅಥವಾ ಕ್ಯಾಸೆಟ್. ಬರೀ ಡೌನ್‌ಲೋಡ್ ನಡೆಯುವುದಿಲ್ಲ. ನಿಮ್ಮ ಸೆಟ್ ಅಮೆರಿಕದಲ್ಲೇ ಮಾರಿದ್ದರೂ ಡೌನ್‌ಲೋಡ್ ಕೋಡ್ ಇಟ್ಟಿದ್ದರೆ ಎಣಿಕೆಗೆ ಬರುತ್ತಿರಲಿಲ್ಲ.

ಸೆಟ್ ನಿಂತಿತು ಅಂತ ಆಟ ನಿಲ್ಲಲಿಲ್ಲ. ಈಗ ಒಂದೇ ಆಲ್ಬಮ್ ಹತ್ತಾರು ರೂಪದಲ್ಲಿ ಬರುತ್ತದೆ. ಬೇರೆ ಬೇರೆ ಮುಖಪುಟ, ಬೇರೆ ಬಣ್ಣದ ವಿನೈಲ್, ಒಂದರಲ್ಲಿ ಒಂದು ಹಾಡು ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಹೊಸ ಆಲ್ಬಮ್ ಅಮೆರಿಕದಲ್ಲಿ ಮೊದಲ ವಾರಕ್ಕೆ 40 ಲಕ್ಷ ಯೂನಿಟ್ ದಾಟಿ, 2015ರಲ್ಲಿ ಇನ್ನೊಬ್ಬ ಗಾಯಕಿ ಅಡೆಲ್ ಮಾಡಿದ್ದ ದಾಖಲೆ ಮುರಿಯಿತು. ಅದರಲ್ಲಿ 34 ಲಕ್ಷಕ್ಕೂ ಹೆಚ್ಚು ನೇರ ಮಾರಾಟ. ಆಲ್ಬಮ್ ಮೂವತ್ತಕ್ಕೂ ಹೆಚ್ಚು ರೂಪಗಳಲ್ಲಿ ಅಂಗಡಿಗೆ ಬಂದಿತ್ತು. ಒಬ್ಬಳೇ ಅಭಿಮಾನಿ ನಾಲ್ಕು ರೂಪ ಕೊಂಡರೆ ನಾಲ್ಕು ಆಲ್ಬಮ್. ಆದರೆ ಟೇಲರ್ ಬರೀ ಇದರಿಂದಲೇ ಗೆದ್ದಳು ಅಂದರೆ ಅನ್ಯಾಯ. ಒಂದೇ ರೂಪದಲ್ಲಿ ಮಾರಿದ್ದರೂ ಆ ವಾರ ಅವಳೇ ಮೊದಲಿರುತ್ತಿದ್ದಳು ಅಂತ ನನಗನಿಸುತ್ತದೆ. ಇಂಥ ಉಪಾಯಗಳಿಂದ ಸ್ಥಾನ ನಿಜವಾಗಿ ಅದಲು ಬದಲಾಗುವುದು ಇಬ್ಬರ ನಡುವೆ ಹತ್ತಿಪ್ಪತ್ತು ಸಾವಿರದ ಅಂತರ ಇದ್ದಾಗ. ಟ್ರ್ಯಾವಿಸ್, ನಿಕಿ ನಡುವೆ ಇದ್ದದ್ದು ಅಷ್ಟೇ.

ಕೊರಿಯಾದವರು ಇದನ್ನು ಇನ್ನೊಂದು ಮಟ್ಟಕ್ಕೆ ಒಯ್ದಿದ್ದಾರೆ. ನಿಮ್ಮ ಮನೆಯಲ್ಲೇ ಕೆ-ಪಾಪ್ ಕೇಳುವ ತಂಗಿಯರು ಇದ್ದರೆ ಅವರು ಕೊಂಡ ಆಲ್ಬಮ್‌ನ ಡಬ್ಬಿ ತೆರೆದು ನೋಡಿ. ಸಿ.ಡಿ. ಒಂದು ಮೂಲೆಯಲ್ಲಿರುತ್ತದೆ. ಮೇಲೆ ದಪ್ಪ ಫೋಟೋ ಪುಸ್ತಕ, ಪೋಸ್ಟರ್, ಸ್ಟಿಕ್ಕರ್, ಮತ್ತೆ ಎ.ಟಿ.ಎಂ. ಕಾರ್ಡ್ ಗಾತ್ರದ ಫೋಟೋಕಾರ್ಡ್. ಅದರಲ್ಲಿ ಯಾರ ಮುಖ ಬರುತ್ತದೆ ಅನ್ನುವುದು ಅದೃಷ್ಟ. ತಮಗೆ ಬೇಕಾದವರ ಮುಖ ಸಿಗುವವರೆಗೆ ಕೊಳ್ಳುವವರಿದ್ದಾರೆ, ಬದಲಾಯಿಸಿಕೊಳ್ಳುವವರಿದ್ದಾರೆ. ಸಾಲದ್ದಕ್ಕೆ ಕಲಾವಿದರ ಜೊತೆ ಎದುರು ಕೂತು ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮಕ್ಕೆ ಲಾಟರಿ. ಎಷ್ಟು ಆಲ್ಬಮ್ ಕೊಂಡರೆ ಅಷ್ಟು ಚೀಟಿ. ಅಲ್ಲಿನ ಸರ್ಕಲ್ ಚಾರ್ಟ್‌ನಲ್ಲಿ ಆಲ್ಬಮ್ ಲೆಕ್ಕ ಅಂದರೆ ಅಂಗಡಿಗಳಿಗೆ ಹೋದ ಮಾಲಿನಲ್ಲಿ ವಾಪಸ್ ಬಂದದ್ದನ್ನು ಕಳೆದು ಉಳಿದದ್ದು. ಇಲ್ಲಿ ಯಾರೂ ಸಿ.ಡಿ.ಗೆ ಬೇರೆ ವಸ್ತು ಕಟ್ಟಿದರು ಅಂತ ಹೇಳುವ ಹಾಗಿಲ್ಲ. ಡಬ್ಬಿಯೇ ಆಲ್ಬಮ್. ಅದೇ ಜಾಣತನ.

ಈಗ ನಿಮ್ಮ ಗೆಳೆಯನ ತಕರಾರು. ಮೋಸವಾ? ಕೊಂಡವನಿಗಂತೂ ಅಲ್ಲ. ಟೀ ಶರ್ಟ್ ಬೇಕಿತ್ತು, ಸಿಕ್ಕಿತು. ತೊಂದರೆ ಇರುವುದು ಆ ಸಂಖ್ಯೆಯನ್ನು "ಇಷ್ಟು ಜನ ಈ ಹಾಡು ಮೆಚ್ಚಿದರು" ಅಂತ ತೋರಿಸುವಾಗ. ನಿಮ್ಮ ಊರಿನಲ್ಲೇ ಉದಾಹರಣೆ ಇದೆ. ಕಾಫಿ ಪುಡಿಗೆ ಚಿಕೋರಿ ಬೆರೆಸುವುದು ತಪ್ಪಲ್ಲ, ಎಷ್ಟೋ ಜನಕ್ಕೆ ಆ ರುಚಿಯೇ ಬೇಕು. ಆದರೆ ಪೊಟ್ಟಣದ ಮೇಲೆ ಎಷ್ಟು ಭಾಗ ಚಿಕೋರಿ ಅಂತ ಬರೆಯಲೇಬೇಕು. 2018ರ ಚಾರ್ಟ್ ಚಿಕೋರಿ ಎಷ್ಟು ಅಂತ ಬರೆಯದೆ ಪೊಟ್ಟಣ ಮಾರುತ್ತಿತ್ತು. ಹಾಗಾಗಿ ನಿಮ್ಮ ಗೆಳೆಯ ಅಮೆರಿಕದ ವಿಷಯದಲ್ಲಿ ಮುಕ್ಕಾಲು ಸರಿ, ನಿಮ್ಮ ವಿಷಯದಲ್ಲಿ ಪೂರ್ತಿ ತಪ್ಪು. ನಿಮ್ಮ ಮಾರಾಟವನ್ನು ಯಾರೂ ಎಣಿಸುತ್ತಲೇ ಇಲ್ಲವಲ್ಲ!

ನಮ್ಮಲ್ಲಿ ಹಾಗೆ ಎಣಿಸುವ ಸಂಪ್ರದಾಯವೇ ಬೆಳೆಯಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಪ್ಲಾಟಿನಂ ಡಿಸ್ಕ್ ಸಮಾರಂಭ ಜೋರಾಗಿ ನಡೆಯುತ್ತಿತ್ತು, ಆದರೆ ಎಷ್ಟು ಹೋಯಿತು ಅಂತ ಹೇಳುತ್ತಿದ್ದವರು ಮಾರಿದವರೇ. ಈಗ ಚಾರ್ಟ್ ಅಂದರೆ ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್‌ಗಳ ಪಟ್ಟಿಗಳು. ಅವು ತಮ್ಮ ತಮ್ಮ ಆ್ಯಪ್‌ನಲ್ಲಿ ಪ್ಲೇ ಆದದ್ದನ್ನು ಮಾತ್ರ ನೋಡುತ್ತವೆ. ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಸಂಸ್ಥೆ 2021ರಲ್ಲಿ ಒಂದು ಅಧಿಕೃತ ವಾರದ ಪಟ್ಟಿ ಶುರು ಮಾಡಿತು. ಅದೂ ಸ್ಟ್ರೀಮಿಂಗ್ ಲೆಕ್ಕವೇ, ಅದೂ ವಿದೇಶಿ ಹಾಡುಗಳಿಗೆ. ಹಾಗಾಗಿ ಕೊಂಡವನು ಕಾಫಿ ಕುಡಿಯುತ್ತಾ ಆ್ಯಪ್‌ನಲ್ಲಿ ನಿಮ್ಮ ಹಾಡು ಹಾಕಿದರೆ ಅದೊಂದು ಪ್ಲೇ ಲೆಕ್ಕಕ್ಕೆ ಬರುತ್ತದೆ, ಕೊಂಡದ್ದು ಬರುವುದಿಲ್ಲ. ಇದೇ ಕಾರಣಕ್ಕೆ ಡಬ್ಬಿಯೊಳಗೆ ಡೌನ್‌ಲೋಡ್ ಕೋಡ್ ಒಂದನ್ನೇ ಇಡಬೇಡಿ. ಒಂದು ಚೀಟಿಯಲ್ಲಿ ಆ್ಯಪ್‌ನ ಆಲ್ಬಮ್ ಪುಟಕ್ಕೆ ಹೋಗುವ ಕ್ಯೂಆರ್ ಕೋಡ್ ಕೂಡ ಹಾಕಿಸಿ. ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ 1000 ಸ್ಟ್ರೀಮ್ ದಾಟದ ಹಾಡಿಗೆ 2024ರಿಂದ ದುಡ್ಡೇ ಬರುವುದಿಲ್ಲ. ಹೊಸಬರಿಗೆ ಆ ಗೆರೆ ದಾಟುವುದೇ ಮೊದಲ ಕೆಲಸ. ಅದಕ್ಕಾಗಿ ಯಾರಾದರೂ "ಇಷ್ಟು ಕೊಡಿ, ಲಕ್ಷ ಸ್ಟ್ರೀಮ್ ಮಾಡಿಸಿ ಕೊಡುತ್ತೇವೆ" ಅಂದರೆ ಹತ್ತಿರ ಸೇರಿಸಬೇಡಿ. ನಕಲಿ ಸ್ಟ್ರೀಮ್ ಸಿಕ್ಕಿಬಿದ್ದರೆ ದಂಡ ಬೀಳುವುದು ನಿಮ್ಮ ಹಾಡನ್ನು ಅಲ್ಲಿಗೆ ಏರಿಸಿದ ವಿತರಕರಿಗೆ. ಅವರು ನಿಮ್ಮನ್ನು ಬಿಡುತ್ತಾರಾ?

ಇನ್ನು ದುಡ್ಡಿನ ಮಾತು. ಒಂದು ಟೀ ಶರ್ಟ್‌ನಲ್ಲಿ ನೂರು ರೂಪಾಯಿ ಉಳಿದರೂ ಅದು ಸಾವಿರ ಲೆಕ್ಕದ ಸ್ಟ್ರೀಮ್‌ಗಳಿಗೆ ಸಮ. ಹಾಗಾಗಿ ಮಾರಿ. ಆದರೆ ಬೆಲೆ ಬಿಡಿಬಿಡಿಯಾಗಿ ಇಡಿ. ಜಿಎಸ್‌ಟಿಯಲ್ಲಿ ಒಂದು ನಿಯಮ ಇದೆ. ಸಹಜವಾಗಿ ಜೊತೆಗೆ ಬರದ ಬೇರೆ ಬೇರೆ ವಸ್ತುಗಳನ್ನು ಒಂದೇ ಬೆಲೆಗೆ ಮಾರಿದರೆ, ಅವುಗಳಲ್ಲಿ ಯಾವುದಕ್ಕೆ ತೆರಿಗೆ ಹೆಚ್ಚೋ ಆ ದರ ಇಡೀ ಸೆಟ್‌ಗೆ ಬೀಳುತ್ತದೆ. ಟೀ ಶರ್ಟ್‌ಗೆ 5%, ಕಾಫಿ ಪುಡಿಗೆ 5%, ಹಾಡಿನ ಸಿ.ಡಿ. ಅಥವಾ ಡೌನ್‌ಲೋಡ್‌ಗೆ 18%. ಉದಾಹರಣೆಗೆ ಟೀ ಶರ್ಟ್ 400, ಪುಡಿ 200, ಆಲ್ಬಮ್ 100 ರೂಪಾಯಿ ಅಂತಿಟ್ಟುಕೊಳ್ಳಿ. ಬಿಡಿಯಾಗಿ ಬಿಲ್ ಹಾಕಿದರೆ ತೆರಿಗೆ 30 ಮತ್ತು 18, ಒಟ್ಟು 48 ರೂಪಾಯಿ. 700ಕ್ಕೆ ಒಂದೇ ಬೆಲೆ ಇಟ್ಟರೆ 126. ನೋಡಿ, ಬಿಲ್‌ಬೋರ್ಡ್‌ನವರೂ ಜಿಎಸ್‌ಟಿಯವರೂ ಕಡೆಗೆ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಆಲ್ಬಮ್ ಬೆಲೆ ಎಷ್ಟು? ಅದಕ್ಕೆ ಉತ್ತರ ಬಿಲ್‌ನಲ್ಲೇ ಇರಲಿ. ನಿಮ್ಮ ವಹಿವಾಟು ಚಿಕ್ಕದು, ನೋಂದಣಿ ಬೇಡ ಅಂದುಕೊಂಡಿರಬಹುದು. ಆದರೆ ಆನ್‌ಲೈನ್ ಅಂದಮೇಲೆ ಹೊರ ರಾಜ್ಯಕ್ಕೂ ಕಳಿಸುತ್ತೀರಿ. ಹಾಗೆ ಸರಕು ಕಳಿಸುವವರಿಗೆ ವಹಿವಾಟು ಚಿಕ್ಕದು ಅನ್ನುವ ವಿನಾಯಿತಿ ಸಿಗುವುದಿಲ್ಲ. ಶುರು ಮಾಡುವ ಮುಂಚೆ ಊರಿನ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಒಂದು ಸಲ ಕೂತು ಮಾತಾಡಿ.

ಕಾಫಿ ಪುಡಿ ಮನೆ ತೋಟದ್ದೇ ಆದರೂ ಪ್ಯಾಕ್ ಮಾಡಿ ಮಾರಿದರೆ ಆಹಾರ ಸುರಕ್ಷತೆ ಪ್ರಾಧಿಕಾರದ ನೋಂದಣಿ ಬೇಕು. ಆ ಸಂಖ್ಯೆ, ತೂಕ, ಬೆಲೆ, ಪ್ಯಾಕ್ ಆದ ದಿನ ಎಲ್ಲ ಪೊಟ್ಟಣದ ಮೇಲಿರಬೇಕು. ಚಿಕೋರಿ ಹಾಕಿದರೆ ಕಾಫಿ ಕನಿಷ್ಠ 51% ಇರಬೇಕು. ಮುಂಗಡ ಆರ್ಡರ್ ತೆಗೆದುಕೊಂಡು ತಿಂಗಳ ಮೊದಲೇ ಪುಡಿ ಮಾಡಿಸಿಡಬೇಡಿ. ಕೊರಿಯರ್‌ಗೆ ಕೊಡುವ ಹಿಂದಿನ ದಿನ ಮಿಲ್‌ಗೆ ಹೋಗಿ. ಪರಿಮಳ ಹೋದ ಪುಡಿ ಕುಡಿದವನು ನಿಮ್ಮ ಹಾಡಿನ ಮೇಲೂ ಸಿಟ್ಟಾಗುತ್ತಾನೆ. ಟೀ ಶರ್ಟ್ ಪೂರ್ತಿ ಕಾಫಿ ವಾಸನೆ ಹೊಡೆಯುತ್ತದೆ ಅನ್ನುವುದೂ ನೆನಪಿರಲಿ. ಅದನ್ನು ಇಷ್ಟಪಡುವವರೂ ಇದ್ದಾರೆ, ಆದರೂ ಪುಡಿಗೆ ಬೇರೆ ಕವರ್ ಹಾಕಿ.

ಟೀ ಶರ್ಟ್‌ನಲ್ಲಿ ಕೈ ಸುಡುವುದು ಸೈಜ್ ವಿಷಯಕ್ಕೆ. ಎಲ್ಲ ಅಳತೆಯಲ್ಲೂ ಸಮಸಮ ಮಾಡಿಸಿದರೆ ಎಂ, ಎಲ್ ಮೊದಲೇ ಖಾಲಿ. ಎಸ್, ಡಬಲ್ ಎಕ್ಸ್‌ಎಲ್ ರಾಶಿ ಮನೆಯಲ್ಲಿ ಉಳಿಯುತ್ತದೆ. ಮೊದಲು ಆರ್ಡರ್ ತೆಗೆದುಕೊಂಡು, ಅಳತೆ ಕೈಗೆ ಬಂದ ಮೇಲೆ ಪ್ರಿಂಟ್‌ಗೆ ಕೊಡಿ. ಸ್ಕ್ರೀನ್ ಪ್ರಿಂಟಿಂಗ್ ಸಂಖ್ಯೆ ಜಾಸ್ತಿ ಇದ್ದರೆ ಅಗ್ಗ. ಒಂದೇ ಬಣ್ಣದ ಅಕ್ಷರ ಆದರೆ ಇನ್ನೂ ಅಗ್ಗ.

ಅಕ್ಷರ ಅಂದಾಗ ನೆನಪಾಯಿತು, ಕುವೆಂಪು ಅವರ ಸಾಲು. ಅವರು ಹುಟ್ಟಿದ್ದು ನಿಮ್ಮದೇ ಜಿಲ್ಲೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ನಮ್ಮೂರಿನ ಕವಿ, ಎರಡು ಸಾಲು ತಾನೇ ಅನಿಸುವುದು ಸಹಜ. ಆದರೆ ನಮ್ಮ ಕಾಯ್ದೆಯಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅವರು ತೀರಿಕೊಂಡದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಅವರ ಸಾಲನ್ನು ಟೀ ಶರ್ಟ್ ಮೇಲೆ ಹಾಕಿ ಮಾರಬೇಕಾದರೆ ಹಕ್ಕುದಾರರ ಅನುಮತಿ ಬೇಕು. ಎಂಟು ಹಾಡಿನಲ್ಲಿ ಯಾವುದಾದರೂ ಬೇರೆಯವರ ಕವಿತೆ ಆಗಿದ್ದರೆ ಅದಕ್ಕೂ ಇದೇ ಮಾತು. ಪತ್ರ ಬರೆದು ಕೇಳಿ, ಲಿಖಿತ ಒಪ್ಪಿಗೆ ಬರಲಿ. ಅಲ್ಲಿಯವರೆಗೆ ಪ್ರಿಂಟಿಂಗ್‌ನವರಿಗೆ ಅಡ್ವಾನ್ಸ್ ಕೊಡಬೇಡಿ. ತಡೆಯುವಷ್ಟು ಸಮಯ ಇಲ್ಲ ಅಂದರೆ ನಿಮ್ಮದೇ ಹಾಡಿನ ಎರಡು ಸಾಲು ಹಾಕಿಸಿ.